ಮಗ್ಗಿನೊಳಗಿನ ಮೇಷ್ಟ್ರು

“ಮಕ್ಕಳೇ, ಐಸು ಕರಗಿದ ಮೇಲೆ ನೀರು ಚೆಲ್ಲುತ್ತದೆ. ಅರ್ಥಾತ್, ಚೆಲ್ಲುತ್ತದೆ!”

ಬಚ್ಚಲುಮನೆಯಿಂದ ಬರುತ್ತಿದ್ದ ಆ ಗಂಟಲು ಸೈನ್ಸ್ ಮೇಷ್ಟ್ರದ್ದೇ. ಆದರೆ ಒಳಗೆ ಮೇಷ್ಟ್ರಿರಲಿಲ್ಲ. ಆರನೇ ಕ್ಲಾಸಿನ ಗಿಳಿ ಇದ್ದಳು. ಬೋರಲು ಹಾಕಿದ ಬಕೆಟ್ಟಿನ ಮೇಲೆ ಅಪ್ಪನ ಫೋನು, ಬಾಯಿಗೆ ನೀಲಿ ಪ್ಲಾಸ್ಟಿಕ್ ಮಗ್ಗು. ಮಗ್ಗಿನೊಳಗೆ ಬಾಯಿಟ್ಟು ಮೂಗನ್ನು ಅರ್ಧ ಹಿಚುಕಿದರೆ ಸಾಕು, ಮೇಷ್ಟ್ರು ಹಾಜರ್.

“ಆದ್ದರಿಂದ ಗ್ಲಾಸಿನ ಕೆಳಗೆ ತಟ್ಟೆ ಇಡಿ. ತಟ್ಟೆಯ ಕೆಳಗೆ ಟವೆಲ್ ಇಡಿ. ಇಲ್ಲದಿದ್ದರೆ ನಿಮ್ಮ ಅಮ್ಮ ಬಟ್ಟೆ ಬಿಟ್ಟು ನಿಮ್ಮನ್ನೇ ಹಿಂಡುತ್ತಾರೆ. ಅರ್ಥಾತ್, ಹಿಂಡುತ್ತಾರೆ!”

ಬಾಗಿಲು ದಬದಬ ಬಡಿಯಿತು. “ಯಾರಮ್ಮಾ ಒಳಗೆ? ಲಾಸ್ಟ್ ಸ್ಟಾಪ್ ಬಂತು, ಇಳೀರಿ ಇಳೀರಿ! ನನ್ನ ಫೋನೂ ಇಳಿಸು!”

ಅದು ಅಪ್ಪ. ಬಸ್ಸಿನ ಕಂಡಕ್ಟರು. ಮನೆಯಲ್ಲೂ ಬಸ್ಸಿನಲ್ಲಿರುವಂತೆಯೇ ಮಾತಾಡುತ್ತಿದ್ದರು.

“ಬಂದೆ, ಚಿಲ್ರೆ ಕೊಡಿ!” ಎಂದು ಗಿಳಿ ಅಪ್ಪನದೇ ಗಂಟಲಿನಲ್ಲಿ ಕೂಗಿದಳು. ಕೂಗುತ್ತಲೇ ಮೇಷ್ಟ್ರ ಗಂಟಲಿನ ರೆಕಾರ್ಡಿಂಗನ್ನು ಒಬ್ಬಳೇ ಒಬ್ಬ ಗೆಳತಿಗೆ ಕಳಿಸಿದಳು.

ಅಲ್ಲೇ ಆಯಿತು ಎಡವಟ್ಟು. ಆ ಗೆಳತಿಯ ಅಡ್ಡಹೆಸರು ಪೋಸ್ಟಾಫೀಸ್. ಅವಳ ಹತ್ತಿರ ಬಂದದ್ದು ಯಾವುದೂ ಅವಳ ಹತ್ತಿರ ಉಳಿಯುತ್ತಿರಲಿಲ್ಲ.

ಗಿಳಿ ಸುಮ್ಮಸುಮ್ಮನೆ ಗಿಳಿ ಆದವಳಲ್ಲ. ಪಕ್ಕದ ಮನೆಯವರ ಸ್ಟಾರ್ಟ್ ಆಗದ ಸ್ಕೂಟರು, ಹಾಲಿನವನ ಕೆಮ್ಮು, ಚಿಕ್ಕಮ್ಮ ಫೋನಿನಲ್ಲಿ ಬೇಡದವರ ಜೊತೆ ನಗುವ ನಗು, ಎಲ್ಲವೂ ಅವಳ ಗಂಟಲಿನಲ್ಲಿ ಬಾಡಿಗೆಗೆ ಇದ್ದವು. ಆದರೆ ಅವಳ ಮಾಸ್ಟರ್‌ಪೀಸ್ ಎಂದರೆ ಮಾಸ್ಟರೇ. ಸೈನ್ಸ್ ಮೇಷ್ಟ್ರು ಒಂದು ಮಾತು ಹೇಳಿ, “ಅರ್ಥಾತ್” ಎಂದು, ಮತ್ತೆ ಅದೇ ಮಾತು ಹೇಳುತ್ತಿದ್ದರು. ಹೀಗಾಗಿ ಅವರು ಇಡೀ ಸ್ಕೂಲಿಗೇ ಅರ್ಥಾತ್ ಮೇಷ್ಟ್ರು.

ಕ್ಲಾಸಿಗೊಂದು ವಾಟ್ಸಾಪ್ ಗ್ರೂಪ್ ಮಾಡಿದವರೂ ಅವರೇ. ಹೆಡ್ಡಾಗಿದ್ದ ದೊಡ್ಡ ಮೇಡಂ ಬೇಡವೆಂದಿದ್ದರು. “ಫೋನು ಕೊಟ್ಟರೆ ಮಕ್ಕಳು ಓದ್ತಾವಾ? ಮಂಗನ ಕೈಗೆ ಮಾಣಿಕ್ಯ ಅಲ್ಲ, ಮಂಗನ ಕೈಗೆ ಮೊಬೈಲು!” ಮೇಷ್ಟ್ರು ಬಿಡಲಿಲ್ಲ. ಅವರಿಗೊಂದು ಕಾರಣವಿತ್ತು. ಲಾಂಗ್‌ಜಂಪ್.

ಲಾಂಗ್‌ಜಂಪ್ ಎಂದರೆ ಕ್ಲಾಸಿನ ಹುಡುಗ. ಸ್ಪೋರ್ಟ್ಸ್ ದಿನ ಅವನು ಹಾರಿದ್ದು ಮಾತ್ರ ಲಾಂಗು, ಬಿದ್ದದ್ದು ಮರಳಿನಿಂದ ಆಚೆ. ಕಾಲಿಗೆ ದೊಡ್ಡ ಪ್ಲಾಸ್ಟರು. ಮೂರನೇ ಮಹಡಿಯ ಮನೆಯಿಂದ ಕೆಳಗಿಳಿಯುವಂತಿಲ್ಲ. ಈಗ ಅವನ ಪಾಲಿಗೆ ಸ್ಕೂಲು ಎಂದರೆ ಆ ಗ್ರೂಪೇ. ಸಂಜೆ ಮೇಷ್ಟ್ರ ಪ್ರಶ್ನೆ ಬರುತ್ತಿತ್ತು. ಮನೆಯಲ್ಲೇ ಮಾಡಿ ನೋಡಿ ಉತ್ತರ ಬರೆಯಬೇಕು.

ಆ ಸಂಜೆಯ ಪ್ರಶ್ನೆ: ‘ಗ್ಲಾಸಿನ ಅಂಚಿನವರೆಗೆ ನೀರಿದೆ. ಅದರಲ್ಲಿ ಐಸು ತೇಲುತ್ತಿದೆ. ಐಸು ಪೂರ್ತಿ ಕರಗಿದ ಮೇಲೆ ನೀರು ಚೆಲ್ಲುತ್ತದೆಯೇ? ನಾಳೆ ಟೆಸ್ಟಿನಲ್ಲಿ ಬರೆಯಿರಿ. ಫೋನ್ ನೋಡಬೇಡಿ, ಗ್ಲಾಸ್ ನೋಡಿ.’

ಎಲ್ಲರೂ ಫೋನೇ ನೋಡಿದರು.

* * *

ಮಾರನೆಯ ದಿನ ಮೇಷ್ಟ್ರು ಪೇಪರುಗಳನ್ನು ಒಂದೊಂದೇ ತಿರುವುತ್ತ ಹೋದರು. ಅವರ ಹುಬ್ಬು ಮೇಲೇರುತ್ತ ಹೋಯಿತು.

“‘ಚೆಲ್ಲುತ್ತದೆ. ಟವೆಲ್ ಇಡಬೇಕು.’ ಇವನೂ, ‘ಚೆಲ್ಲುತ್ತದೆ. ಟವೆಲ್ ಇಡಬೇಕು.’ ಇಲ್ನೋಡಿ, ‘ಟವೆಲ್ ಇಲ್ಲದಿದ್ದರೆ ಬೆಡ್‌ಶೀಟ್.’ ಏನ್ರೋ ಇದು? ನಾನು ಸೈನ್ಸ್ ಕೇಳಿದ್ನೋ, ಲಾಂಡ್ರಿ ಲೆಕ್ಕ ಕೇಳಿದ್ನೋ?”

ಗಿಳಿ ಪೋಸ್ಟಾಫೀಸಿನ ಕಡೆ ತಿರುಗಿದಳು. ಪೋಸ್ಟಾಫೀಸ್ ಫ್ಯಾನಿನ ಕಡೆ ನೋಡಿದಳು.

“ಸರ್, ನೀವೇ ಹೇಳಿದ್ರಲ್ಲ ವಾಯ್ಸ್‌ನಲ್ಲಿ!” ಎಂದ ಮುಂದಿನ ಬೆಂಚಿನವನೊಬ್ಬ.

“ನಾನಾ?”

ಅಷ್ಟರಲ್ಲಿ ದೊಡ್ಡ ಮೇಡಂ ಬಾಗಿಲಲ್ಲಿ ನಿಂತಿದ್ದರು. ಕೈಯಲ್ಲಿ ಫೋನು. “ಯಾರದೋ ಮನೆಯವರು ಕಳಿಸಿ ಬೈದಿದ್ದಾರೆ, ಮಕ್ಕಳಿಗೆ ತಪ್ಪು ಪಾಠ ಹೇಳ್ತೀರಾ ಅಂತ. ಕೇಳಿ ಮೇಷ್ಟ್ರೇ.”

ಫೋನಿನಿಂದ ಧ್ವನಿ ಹೊರಬಂತು. ಅಮ್ಮ ಹಿಂಡುವ ಜಾಗ ಬಂದಾಗ ಕ್ಲಾಸೆಲ್ಲ ಕಿಸಿಕಿಸಿ ನಕ್ಕಿತು. ಗಿಳಿಗೂ ನಗು ಬಂತು. ಎಷ್ಟು ಚೆನ್ನಾಗಿ ಮಾಡಿದ್ದಾಳೆ ಅವಳು!

ಮೇಷ್ಟ್ರು ನಗಲಿಲ್ಲ. ಇನ್ನೊಂದು ಸಲ ಹಾಕಿಸಿಕೊಂಡು ಕೇಳಿದರು. ಕನ್ನಡಕ ತೆಗೆದು ಒರೆಸಿದರು, ಕೇಳುವುದಕ್ಕೂ ಕನ್ನಡಕ ಬೇಕೆನ್ನುವ ಹಾಗೆ.

“ಧ್ವನಿ ನಂದೇ ಮೇಡಂ,” ಎಂದರು ಮೆಲ್ಲಗೆ. “ಆದ್ರೆ ನಾನು ಯಾವಾಗ ಹೇಳಿದೆ? ನನ್ನ ಹೆಂಡ್ತಿ ನಾನು ನಿದ್ದೇಲಿ ಮಾತಾಡ್ತೀನಿ ಅಂತ ಹೇಳ್ತಿರ್ತಾಳೆ...”

“ನಿದ್ದೇಲಿ ಪಾಠ ಮಾಡೋ ಗ್ರೂಪು ನಮಗೆ ಬೇಡ. ಇವತ್ತೇ ಬಂದ್ ಮಾಡಿ.”

“ಮೇಡಂ, ಹುಡುಗ ಒಬ್ಬ ಮನೇಲಿದ್ದಾನೆ. ಅವನಿಗೆ ಇದೊಂದೇ...”

“ಬಂದ್ ಅಂದ್ರೆ ಬಂದ್. ಅರ್ಥಾತ್,” ಎಂದರು ದೊಡ್ಡ ಮೇಡಂ, “ಬಂದ್.”

ಗಿಳಿಯ ನಗು ಅಲ್ಲಿಗೇ ಐಸಿನ ಗಡ್ಡೆಯಾಯಿತು. ಅದು ಕರಗುವ ಲಕ್ಷಣ ಕಾಣಲಿಲ್ಲ.

* * *

ಬಿಡುವಿನಲ್ಲಿ ಅವಳು ಆಫೀಸ್ ರೂಮಿನ ಬಾಗಿಲಲ್ಲಿ ನಿಂತಳು. ಒಳಗೆ ಮೇಷ್ಟ್ರೂ ಇದ್ದರು, ಬೈಸಿಕೊಂಡ ಹುಡುಗನಂತೆ ಕುರ್ಚಿಯ ಅಂಚಿನಲ್ಲಿ.

“ಮೇಡಂ, ಸರ್ ಧ್ವನಿ ನಂದು.”

“ಏನಂದೆ?”

“ಅಂದ್ರೆ, ಅದರಲ್ಲಿರೋದು ಸರ್ ಅಲ್ಲ, ನಾನು. ಮಗ್ಗಲ್ಲಿ ಮಾಡಿದ್ದು.”

“ಮಗ್ಗಿ ಹೇಳು ಅಂದ್ರೆ ಬಾಯಿ ಬಿಡಲ್ಲ, ಮಗ್ಗಲ್ಲಿ ಏನು ಮಾಡ್ತೀಯ ನೀನು? ಮೇಷ್ಟ್ರನ್ನ ಕಾಪಾಡೋಕೆ ಸುಳ್ಳು ಹೇಳ್ಬೇಡ. ಹೋಗು ಕ್ಲಾಸಿಗೆ.”

ನಿಜ ಹೇಳಿದಾಗಲೇ ನಂಬದಿದ್ದರೆ ಏನು ಮಾಡುವುದು? ಗಿಳಿ ಮೇಜಿನ ಮೇಲಿದ್ದ ಪೆನ್‌ಸ್ಟ್ಯಾಂಡನ್ನು ತೆಗೆದುಕೊಂಡಳು. ಪೆನ್ನುಗಳನ್ನು ಮೇಜಿನ ಮೇಲೆ ಸುರಿದಳು. ಅದರೊಳಗೆ ಬಾಯಿಟ್ಟು, ಮೂಗು ಹಿಚುಕಿ, “ಮೇಡಂ, ಈ ಹುಡುಗಿ ಹೇಳ್ತಿರೋದು ನಿಜ. ಅರ್ಥಾತ್, ನಿಜ,” ಎಂದಳು.

ಮೇಷ್ಟ್ರು ಕುರ್ಚಿಯಿಂದ ಎದ್ದೇಬಿಟ್ಟರು. “ನಾನು ಹೀಗೆ ಮಾತಾಡ್ತೀನಾ?”

ದೊಡ್ಡ ಮೇಡಂ ನಗು ಬಂತೆಂದು ಕೆಮ್ಮಿದರು. ಕೆಮ್ಮು ಬಂತೆಂದು ನೀರು ಕುಡಿದರು. ಆಮೇಲೆ, “ನನ್ನದೂ ಮಾಡ್ತೀಯೇನು?” ಎಂದರು.

ಗಿಳಿಗೆ ಮಾಡಲು ಬರುತ್ತಿತ್ತು. ತುಂಬ ಚೆನ್ನಾಗಿಯೇ ಬರುತ್ತಿತ್ತು. ಆದರೆ ಅವಳಿಗೆ ಬುದ್ಧಿಯೂ ಸ್ವಲ್ಪ ಇತ್ತು. “ಇಲ್ಲ ಮೇಡಂ,” ಎಂದಳು.

“ಒಳ್ಳೇದು. ಗ್ರೂಪು ಇರಬೇಕೋ ಬೇಡವೋ ನಾಳೆ ನೋಡ್ತೀನಿ. ನಿನ್ನ ಸುಳ್ಳು ಎಷ್ಟು ಮನೆಗೆ ಹೋಗಿದೆಯೋ ಅಷ್ಟೂ ಮನೆಗೆ ಇವತ್ತೇ ನಿಜ ಹೋಗಬೇಕು.”

ಅಷ್ಟೇನಾ, ಎಂದುಕೊಂಡಳು ಗಿಳಿ. ಕಳಿಸಿದರಾಯಿತು!

* * *

ಸಂಜೆ ಮೇಷ್ಟ್ರೇ ಗ್ರೂಪಿನಲ್ಲಿ ಮಾತಾಡಿದರು. “ಮಕ್ಕಳೇ, ನಿನ್ನೆ ನಿಮ್ಮ ಫೋನುಗಳಿಗೆ ಬಂದ ಧ್ವನಿ ನನ್ನದಲ್ಲ. ಐಸು ಕರಗಿದರೆ ನೀರು ಚೆಲ್ಲುವುದಿಲ್ಲ. ಅರ್ಥಾತ್, ಚೆಲ್ಲುವುದಿಲ್ಲ.”

ಅಷ್ಟರಲ್ಲಿ ಮಗ್ಗಿನ ವಿಷಯವನ್ನೂ ಪೋಸ್ಟಾಫೀಸ್ ಮನೆಮನೆಗೆ ಹಂಚಿಯಾಗಿತ್ತು. ಉತ್ತರಗಳು ಪಟಪಟ ಬಿದ್ದವು.

‘ಸೂಪರ್ ಗಿಳಿ!’

‘ಸೇಮ್ ಟು ಸೇಮ್ ಸರ್! ಮೊದಲನೇದಕ್ಕಿಂತ ಇದೇ ಚೆನ್ನಾಗಿದೆ!’

‘ಗಿಳಿ, ಈಗ ದೊಡ್ಡ ಮೇಡಂದು ಮಾಡೇ.’

ಗಿಳಿ ಗಾಬರಿಯಾಗಿ ತನ್ನ ಧ್ವನಿಯಲ್ಲೇ ಹೇಳಿದಳು: “ಅದು ನಾನಲ್ಲ, ನಿಜವಾದ ಸರ್! ಇದು ನಿಜವಾದ ನಾನು!”

‘ಇದು ಯಾರ ಮಿಮಿಕ್ರಿ?’ ಎಂದು ಕೇಳಿದಳು ಪೋಸ್ಟಾಫೀಸ್, ಮೂರು ನಗುವ ಮುಖಗಳ ಸಮೇತ.

ಸ್ವಲ್ಪ ಹೊತ್ತಿಗೆ ಅಪ್ಪನ ಫೋನಿಗೆ ಮೇಷ್ಟ್ರ ಕರೆ ಬಂತು. “ಏನಮ್ಮಾ ಗಿಳಿ, ನಾನು ನಾನೇ ಅಂತ ನಾನೇ ನಂಬಿಸೋಕೆ ಆಗ್ತಿಲ್ಲವಲ್ಲ,” ಎಂದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. “ನಾನು ಏನು ಹೇಳಿದ್ರೂ ನಗ್ತಾರೆ ಅಂದ್ಮೇಲೆ ಈ ಗ್ರೂಪ್ ಇದ್ದು ಏನು ಪ್ರಯೋಜನ? ಇರಲಿ. ಒಂದು ಫೋಟೋ ಕಳಿಸ್ತೀನಿ, ನೋಡು. ಲಾಂಗ್‌ಜಂಪ್ ಮನೆಯಿಂದ ಕಳಿಸಿದ ಉತ್ತರ.”

ಫೋಟೋದಲ್ಲಿ ಒಂದು ಹಾಳೆ. ಅದರಲ್ಲಿ ಮೊದಲು ದೊಡ್ಡದಾಗಿ ‘ಚೆಲ್ಲುವುದಿಲ್ಲ’ ಎಂದು ಬರೆದಿತ್ತು. ಅದನ್ನು ಹೊಡೆದು ಹಾಕಿ, ಪಕ್ಕದಲ್ಲಿ ಪುಟ್ಟದಾಗಿ ‘ಚೆಲ್ಲುತ್ತದೆ’ ಎಂದು ಬರೆದಿತ್ತು.

“ಅಪ್ಪಾ, ಫೋನ್ ಬೇಕು. ಹಿಂದಿನ ಬೀದಿಗೆ ಹೋಗಿ ಬರ್ತೀನಿ.”

ಅಪ್ಪ ಅವಳ ಮುಖ ನೋಡಿದರು. ಯಾವ ಸ್ಟಾಪು ಎಂದು ಕೇಳಲಿಲ್ಲ. “ರೈಟ್,” ಎಂದರು.

* * *

ಲಾಂಗ್‌ಜಂಪ್‌ನ ಅಪ್ಪನದು ಜ್ಯೂಸ್ ಅಂಗಡಿ. ಅದರ ಮೇಲೆ ಮೂರು ಮಹಡಿ ಹತ್ತಿದರೆ ಅವರ ಮನೆ. ಗಿಳಿ ಕೆಳಗೆ ಒಂದು ಡಬ್ಬಿ ಐಸು ಕೇಳಿ ಇಸಿದುಕೊಂಡು, ಮೆಟ್ಟಿಲು ಹತ್ತಿದಳು.

ಲಾಂಗ್‌ಜಂಪ್ ಕಿಟಕಿಯ ಪಕ್ಕ ಕಾಲು ಚಾಚಿ ಕೂತಿದ್ದ. ಪ್ಲಾಸ್ಟರಿನ ಮೇಲೆ ಅವನೇ ಒಂದು ರಾಕೆಟ್ಟು ಬರೆದುಕೊಂಡಿದ್ದ.

“ಬಂದ್ಯಾ ಮಗ್ಗುರಾಣಿ? ವಿಷಯ ಗೊತ್ತಾಯ್ತು. ಅಮ್ಮ ಸರ್‌ಗೆ ಫೋನ್ ಮಾಡಿದ್ರು,” ಎಂದ.

“ಸಾರಿ ಕಣೋ. ತಮಾಷೆಗೆ...”

“ನಾನು ಮೂರು ಸಲ ಮಾಡಿದ್ದೆ,” ಎಂದ ಅವನು. “ಮೂರು ಸಲಾನೂ ಚೆಲ್ಲಲಿಲ್ಲ. ಬರೆದೂ ಬಿಟ್ಟಿದ್ದೆ. ಆಮೇಲೆ ನಿನ್ನ ಸರ್ ಬಂದ್ರು ಫೋನಲ್ಲಿ.”

“ನೀನು ನೋಡಿದ್ಯಲ್ಲ! ಮತ್ಯಾಕೆ ಹೊಡೆದು ಹಾಕ್ದೆ?”

“ಸರ್ ಹೇಳಿದ್ಮೇಲೆ? ನಾನೇ ಏನೋ ತಪ್ಪು ಮಾಡಿದೀನಿ ಅನ್ಕೊಂಡೆ. ಮತ್ತೆ ನೋಡಿದ್ರೆ ಗ್ಲಾಸಿನ ಹೊರಗೆ ಹನಿಹನಿ ನೀರಿತ್ತು. ಓ, ಇದೇ ಚೆಲ್ಲಿದ್ದು ಅನ್ಕೊಂಡೆ. ಕ್ಲಾಸಲ್ಲಾದ್ರೆ ಪಕ್ಕದವನನ್ನ ಕೇಳಬಹುದಿತ್ತು. ಇಲ್ಲಿ ಯಾರನ್ನ ಕೇಳಲಿ, ಕಾಲನ್ನಾ?”

ಅವನು ನಕ್ಕ. ಗಿಳಿಯೂ ನಗಲು ನೋಡಿದಳು. ಎಲ್ಲರ ನಗುವೂ ಬರುತ್ತಿದ್ದವಳಿಗೆ ಆಗ ತನ್ನದೇ ಬರಲಿಲ್ಲ.

“ಇನ್ನೊಂದ್ಸಲ ಮಾಡೋಣ. ವಿಡಿಯೋ ತೆಗೆದು ಗ್ರೂಪಿಗೆ ಹಾಕೋಣ,” ಎಂದಳು. “ನೀರಿಗೆ ಒಂಚೂರು ಕೆಂಪು ಬಣ್ಣ ಹಾಕು. ಒಳಗಿನದು ಚೆಲ್ಲಿದ್ರೆ ಹೊರಗೂ ಕೆಂಪಾಗತ್ತೆ. ಆಗ ಹೊರಗಿನ ಹನಿ ಎಲ್ಲಿಂದ ಬಂತು ಅಂತ ಗೊತ್ತಾಗತ್ತೆ.”

ಲಾಂಗ್‌ಜಂಪ್ ಅವಳನ್ನೇ ನೋಡಿದ. “ತಲೇನೂ ಇದೆಯಾ ನಿಂಗೆ? ನಾನು ಬರೀ ಗಂಟಲು ಅನ್ಕೊಂಡಿದ್ದೆ.” ಆಮೇಲೆ ಬಣ್ಣದ ಪೆಟ್ಟಿಗೆಗೆ ಕೈ ಹಾಕುತ್ತ, “ಆದ್ರೆ ಒಂದು ಕಂಡೀಷನ್. ವಿಡಿಯೋದಲ್ಲಿ ನೀನು ಮಾತಾಡಬಾರದು. ಒಂದೇ ಒಂದು ಶಬ್ದಾನೂ,” ಎಂದ.

“ಶುರೂಲಿ ಸ್ವಲ್ಪ ಏನಾದ್ರೂ ಹೇಳ್ಬೇಕಲ್ವಾ...”

“ಬಾಯಿಗೆ ಬೀಗ.”

ಕೆಂಪು ನೀರಿನಲ್ಲಿ ಐಸು ತೇಲಿತು. ಅವನು ಚಮಚದಲ್ಲಿ ನೀರು ಸುರಿಯುತ್ತ, ಅಂಚಿನವರೆಗೆ ತುಂಬಿದ. ಗ್ಲಾಸನ್ನು ಬಿಳಿ ಹಾಳೆಯ ಮೇಲೆ ಇಟ್ಟಿದ್ದ. ಗಿಳಿ ಫೋನನ್ನು ಪುಸ್ತಕಗಳಿಗೆ ಒರಗಿಸಿ ಒತ್ತಿದಳು.

ಐಸಿಗೆ ಯಾವ ಅವಸರವೂ ಇರಲಿಲ್ಲ. ಕೆಳಗಿನ ಅಂಗಡಿಯ ಮಿಕ್ಸಿ ಗುರ್ ಎಂದಿತು. ಗಿಳಿಯ ಗಂಟಲಿನಲ್ಲಿ ಮಿಕ್ಸಿ ಎದ್ದು ಕೂತಿತು, ನುಂಗಿಕೊಂಡಳು. ಯಾರೋ ಗಿರಾಕಿ ಸಕ್ಕರೆ ಕಮ್ಮಿ ಎಂದು ಕೂಗಿದ, ಅವನನ್ನೂ ನುಂಗಿಕೊಂಡಳು. ಅರ್ಥಾತ್ ಮೇಷ್ಟ್ರಂತೂ ನಾಲಿಗೆಯ ತುದಿಗೇ ಬಂದು ಕುಣಿದರು. ಅವಳು ಎರಡೂ ಕೈಗಳಿಂದ ಬಾಯಿ ಮುಚ್ಚಿಕೊಂಡಳು. ಲಾಂಗ್‌ಜಂಪ್ ಪ್ಲಾಸ್ಟರಿನ ಕಾಲು ಅಲ್ಲಾಡುವಷ್ಟು ಸದ್ದಿಲ್ಲದೆ ನಕ್ಕ.

ಐಸು ತೆಳ್ಳಗಾಯಿತು. ಗ್ಲಾಸಿನ ಹೊರಮೈಯಲ್ಲಿ ಸಣ್ಣ ಹನಿಗಳು ಮೂಡಿ, ಒಂದಕ್ಕೊಂದು ಸೇರಿ, ಕೆಳಗೆ ಇಳಿಯತೊಡಗಿದವು. ಚೆಲ್ಲಿತು! ಒಂದು ಗಳಿಗೆ ಗಿಳಿಗೂ ಹಾಗೇ ಅನಿಸಿತು. ಅದು ಅಷ್ಟು ಚೆನ್ನಾಗಿ ಚೆಲ್ಲಿದ ಹಾಗೆ ಕಾಣುತ್ತಿತ್ತು.

ಅವಳು ಬಗ್ಗಿ, ಕಣ್ಣನ್ನು ಗ್ಲಾಸಿನ ಮಟ್ಟಕ್ಕೆ ತಂದಳು. ಇದೇ ಮೇಜು. ಇದೇ ಕಿಟಕಿ. ನಿನ್ನೆ ಅವನೊಬ್ಬನೇ ಇಲ್ಲಿ ಬಗ್ಗಿ ನೋಡಿದ್ದ, ಸರಿಯಾಗಿಯೇ ನೋಡಿದ್ದ. ಆಗ ಫೋನಿನಿಂದ ಒಂದು ದೊಡ್ಡ ಗಂಟಲು ಬಂದು, ನಿನ್ನ ಕಣ್ಣು ಸುಳ್ಳು ಎಂದಿತ್ತು.

ಕೊನೆಯ ಐಸಿನ ಚೂರು ಗುಂಡಿಯಷ್ಟಾಯಿತು, ಸಾಸಿವೆಯಷ್ಟಾಯಿತು, ಇಲ್ಲವಾಯಿತು. ಕೆಂಪು ನೀರು ಅಂಚಿನವರೆಗೆ ನಿಂತಿತ್ತು, ಅಲ್ಲಾಡದೆ.

ಲಾಂಗ್‌ಜಂಪ್ ಗ್ಲಾಸಿನ ಹೊರಗಿನ ಒಂದು ಹನಿಯನ್ನು ಬೆರಳಿನಿಂದ ತೆಗೆದು ಬಿಳಿ ಹಾಳೆಯ ಮೇಲೆ ಒತ್ತಿದ. ಹಾಳೆ ಒದ್ದೆಯಾಯಿತು. ಕೆಂಪಾಗಲಿಲ್ಲ.

ಅವನು ತಲೆಯೆತ್ತಿ ಗಿಳಿಯ ಕಡೆ ನೋಡಿದ. ಈಗ ಏನಾದರೂ ಹೇಳು ಎನ್ನುವ ಹಾಗಿತ್ತು ಆ ನೋಟ.

ಗಿಳಿ ಹಾಳೆಯನ್ನು ಮೆಲ್ಲಗೆ ಎಳೆದು ಫೋನಿನ ಮುಂದೆ ಹಿಡಿದಳು, ಎಲ್ಲರಿಗೂ ಕಾಣುವಷ್ಟು ಹೊತ್ತು. ಕೈ ಅಲುಗದಂತೆ ಉಸಿರು ಬಿಗಿಹಿಡಿದಿದ್ದಳು.