ಬಾಯಿ ಮುಕ್ಕಳಿಸಿದ ನೀರು

ಬೆಳಕವಾಡಿಗೆ ಹೋಗಿ ಬಂದದ್ದಕ್ಕೆ ಆಂಡಾಳ್ ತೆತ್ತದ್ದು ಇಷ್ಟು: ಸೆರಗು ಹರಿದ ಹೊಸ ಸೀರೆ, ಕೆಸರಲ್ಲಿ ಉಳಿದ ಒಂದು ಚಪ್ಪಲಿ, ಮತ್ತೆ... ನೆಮ್ಮದಿ. ಮೊದಲೆರಡು ಅಂಗಡಿಯಲ್ಲಿ ಸಿಗುತ್ತವೆ. ಮೂರನೆಯದು?

ಅದು ಎಪ್ಪತ್ಮೂರರ ಮಾತು. ಮಳವಳ್ಳಿ ಆಸ್ಪತ್ರೆಯ ನರ್ಸು ಆಂಡಾಳ್ ಬೆಳಕವಾಡಿಯ ಸೋಮಮ್ಮನ ತವರುಮನೆ ಮುಟ್ಟುವಷ್ಟರಲ್ಲಿ ಹೆರಿಗೆಯಾಗಿತ್ತು. ಮಗು ನೀಲಿಗಟ್ಟಿತ್ತು. ಅಳುತ್ತಿರಲಿಲ್ಲ.

ಸೋಮಮ್ಮನ ಅಣ್ಣ ಮರಿಸಿದ್ದಯ್ಯ ಹೊಸ್ತಿಲಲ್ಲಿ ನಿಂತು ಹಿತ್ತಾಳೆ ತಟ್ಟೆ ಬಡಿಯುತ್ತಿದ್ದ. ಸದ್ದಿಗೆ ಬೆಚ್ಚಿದರೆ ಮಗು ಉಸಿರಾಡುತ್ತದಂತೆ!

ಆಂಡಾಳ್ ತಟ್ಟೆ ಕಿತ್ತು ಬಿಸಾಡಿದಳು.

"ಏನ್ರೀ ಇದು ದಬ್ಬಾಳ್ಕೆ!"

"ಮಗೂಗೆ ಬೇಕಾಗಿರೋದು ಗಾಳಿ, ನಿಮ್ಮ ವಾಲಗ ಅಲ್ಲ. ಆಚೆ ನಡೀರಿ!"

ಅವನ ತಾಯಿಯನ್ನಷ್ಟೇ ಒಳಗೆ ಉಳಿಸಿಕೊಂಡು ಬಾಗಿಲು ಮುಚ್ಚಿದಳು. ಮಗುವಿನ ಗಂಟಲಲ್ಲಿ ಲೋಳೆ ಕಟ್ಟಿತ್ತು. ಎಳೆಯುವ ಕೊಳವೆ ಚೀಲದಲ್ಲಿರಲಿಲ್ಲ. ಅವಳು ಯೋಚಿಸಲಿಲ್ಲ... ತನ್ನ ಬಾಯಿಂದಲೇ ಹೀರಿ ಉಗಿದಳು. ಪುಟ್ಟ ಮೂಗು, ಬಾಯಿ ಎರಡನ್ನೂ ತುಟಿಯಿಂದ ಮುಚ್ಚಿ, ಕೆನ್ನೆಯಲ್ಲಿದ್ದಷ್ಟೇ ಗಾಳಿಯನ್ನು ಮೆಲ್ಲಗೆ ಊದಿದಳು. ಎದೆ ಏರಿತು. ಇಳಿಯಿತು. ಮತ್ತೆ ಸುಮ್ಮನಾಯಿತು.

'ಪೆರುಮಾಳೇ, ಇದೊಂದನ್ನ ಉಳಿಸು...'

ಮತ್ತೆ ಊದಿದಳು. ಮತ್ತೆ.

"ಕ್ಯಾಂ..."

"ಅತ್ತದೆ ಕಣವ್ವಾ, ಅತ್ತದೆ!" ಹೊರಗೆ ಮರಿಸಿದ್ದಯ್ಯ ತಾನೂ ಅತ್ತುಬಿಟ್ಟ.

ತಾಯಿ, ಮಗು ಇಬ್ಬರನ್ನೂ ನೋಡಿಕೊಂಡು ಆಂಡಾಳ್ ಹೊರಗೆ ಓಡಿದಳು. ನಾಲೆಯಂಚಿಗೆ ಕೂತು ಬಾಯಿ ಮುಕ್ಕಳಿಸಿದಳು, ಉಗಿದಳು, ಮತ್ತೆ ಮುಕ್ಕಳಿಸಿದಳು. ಮರಿಸಿದ್ದಯ್ಯ ಬೆಲ್ಲದ ಕಾಫಿಯ ಲೋಟ ಹಿಡಿದು ಬಂದರೆ, ಬೇಡವೆಂದು ಕೈಯಾಡಿಸಿದಳು.

ಅವನ ಮುಖ ಕಪ್ಪಿಟ್ಟಿತು.

"ಅಯ್ಯಂಗಾರ್ರು... ನಮ್ಮ ಕೇರಿ ಗಾಳಿ ಸೋಕಿದ್ದಕ್ಕೇ ಇಷ್ಟು ತೊಳ್ಕೊಂಡ್ರಿ. ಕಾಫಿ ಬೇರೆ ಕುಡಿದೀರಾ?"

ಅವಳು ಬಾಯೊರೆಸಿಕೊಳ್ಳುವಷ್ಟರಲ್ಲಿ ಅವನು ಬೆನ್ನು ತಿರುಗಿಸಿದ್ದ.

ಆಮೇಲೆ ಆಂಡಾಳ್‌ಗೆ ಕೂತಲ್ಲಿ ಕೂರಲಾಗಲಿಲ್ಲ. ಬೆಳಕವಾಡಿ ಬಸ್ಸು ಬಂದರೆ ಸಾಕು, ವಾರ್ಡಿನ ಕಿಟಕಿಗೆ ಓಡುತ್ತಿದ್ದಳು. 'ಅವನು ಏನೆಂದುಕೊಂಡರೆ ನನಗೇನು?' ಎಂದು ಬೈದುಕೊಳ್ಳುತ್ತಿದ್ದಳು. ಆದರೂ ಕಿಟಕಿ ಬಿಡುತ್ತಿರಲಿಲ್ಲ!

ಒಂದು ಮಧ್ಯಾಹ್ನ ಅವನೇ ಇಳಿದ. ಕೈಯಲ್ಲಿ ಮುಚ್ಚಳದ ಚೊಂಬು, ಲೋಟ.

"ಅವತ್ತು ಸಂಜೇನೆ ಅವ್ವ ಎಲ್ಲಾ ಯೋಳುದ್ಲು, ನೀವು ಬಾಯಲ್ಲೇ ಎಳೆದದ್ದು... ನಾನು ಮೈಲಿಗೆ ತೊಳ್ಕೊತಾವ್ರೆ ಅನ್ಕಂಡೆ. ಮೊಕ ತೋರ್ಸಕ್ಕೆ ನಾಚ್ಕೆಯಾಗಿ ಇಷ್ಟು ದಿನ..."

"ಹೊಟ್ಟೆ ತೊಳಸ್ತಿತ್ತು ಕಣ್ರೀ! ನಿಮ್ಮೆದುರಿಗೆ ವಾಂತಿ ಆಗ್ಬಾರ್ದು ಅಂತ ಓಡಿದೆ." ಅವಳ ಕಣ್ಣು ತುಂಬಿತು. "ಏನದು ಚೊಂಬಲ್ಲಿ?"

"ಅವತ್ತಿನ ಕಾಫಿ. ತಣ್ಣಗಾಗೋಗದೆ."

ಅವಳು ಲೋಟಕ್ಕೆ ಬಗ್ಗಿಸಿಕೊಂಡು ಅರ್ಧ ಕುಡಿದು, ಉಳಿದದ್ದನ್ನು ಅವನತ್ತ ಚಾಚಿದಳು.

ಅವನು ಲೋಟ ಹಿಡಿದುಕೊಂಡ, ಬಾಯಿಗೆ ಒಯ್ಯಲಿಲ್ಲ. "ಇದ ಕುಡುದ್ರೆ ಸುಮ್ಕೆ ಓಗಾಕಾಯ್ತದಾ? ನಿಮ್ಮಪ್ಪಾರು ಬಾಗ್ಲು ಆಕ್ಬುಡ್ತಾರೆ."

"ಗೊತ್ತು."

"ಗೊತ್ತಿದ್ದೂ...?"

"ನೀವು ಕುಡೀತೀರೋ, ಇಲ್ಲಾ ತಟ್ಟೆ ಬಡೀಬೇಕೋ?"

ಅವನು ನಕ್ಕು, ಕುಡಿದ.

ಅವನ ಕೈ ಹಿಡಿದವಳಿಗೆ ಮೇಲುಕೋಟೆಯ ತವರಿನ ಬಾಗಿಲು ಮತ್ತೆ ತೆರೆಯಲಿಲ್ಲ. ಬೆಳಕವಾಡಿಯ ಆ ಮಗು ಮಾತು ಕಲಿತಾಗ, ಅವಳನ್ನು ಅತ್ತೆ ಎಂದು ಕರೆಯಿತು.