ಕತ್ತರಿಸಿದ ಬಿಳಿ ಅಂಚು

"ಎಲ್ಲಿ ಬೇಕಾದ್ರೂ ತೂಗುಹಾಕಿಕೊಳ್ಳಮ್ಮ. ಸುತ್ತಲಿನ ಬಿಳಿ ಅಂಚಿಗೆ ಮಾತ್ರ ಕತ್ತರಿ ತಾಗಿಸಬೇಡ," ಎಂದಿದ್ದಳು ಹಳೇ ಸಾಮಾನಿನ ಅಂಗಡಿಯ ಮುದುಕಿ.

ಅದು ನೂರು ವರ್ಷ ಹಳೆಯ ಫ್ರೆಂಚ್ ಸೈಕಲ್ ಜಾಹೀರಾತಿನ ಪೋಸ್ಟರು. ಕೆಂಪು ಲಂಗದ ಹೆಣ್ಣೊಬ್ಬಳು ಕೂದಲು ಹಾರಿಸಿಕೊಂಡು ಸೈಕಲ್ ತುಳಿಯುತ್ತಿದ್ದಾಳೆ. ಮುದುಕಿ ಹೇಳಿದ ಪ್ರಕಾರ, ಅವಳು ತುಳಿಯುತ್ತಲೇ ಸತ್ತಳಂತೆ, ಅವಳ ಬೂದಿಯನ್ನು ಮಾಟಗಾರನೊಬ್ಬ ಬಣ್ಣಕ್ಕೆ ಕಲಸಿದನಂತೆ, ಆ ಅಂಚೇ ಅವಳಿಗೆ ಹಾಕಿದ ದಿಗ್ಬಂಧನವಂತೆ. ಕೊಂಡವಳು ಊರಿಗೆ ಹೊಸಬಳು, ಮನೆಗಳ ಗೋಡೆ ಸಿಂಗರಿಸುವುದೇ ಅವಳ ಕಸುಬು. ಬೆಲೆ ಏರಿಸಲು ಕಟ್ಟಿದ ಅಡಗೂಲಜ್ಜಿ ಕತೆ ಎಂದು ನಕ್ಕಳು.

ಮನೆಯಲ್ಲಿ ನೋಡಿದರೆ ಸಿದ್ಧವಿದ್ದ ಫ್ರೇಮಿಗಿಂತ ಪೋಸ್ಟರು ಎರಡು ಬೆರಳು ದೊಡ್ಡದು. ಪಳಗಿದ ಕೈ, ಕೇಳಬೇಕೆ! ಸ್ಕೇಲಿಟ್ಟು ಬ್ಲೇಡಿನಿಂದ ನಾಲ್ಕೂ ಕಡೆ ಸರ್ರನೆ ಕೊಯ್ದು ತಮ್ಮನ ಕೋಣೆಯಲ್ಲಿ ತೂಗುಹಾಕಿದಳು. ಅಪ್ಪ ಅಮ್ಮ ಹೋದ ಮೇಲೆ ಅವಳೇ ಸಾಕಿ ಬೆಳೆಸಿದ ತಮ್ಮ. ಅವನನ್ನು ಬಿಟ್ಟರೆ ಅವಳಿಗೆ ತನ್ನವರೆಂಬುವರಿಲ್ಲ.

ಮಧ್ಯಾಹ್ನ ಆ ಕೋಣೆಯಿಂದ ಸುಟ್ಟ ರಬ್ಬರಿನ ಕಮಟು ಬಂತು. ಚೈನಿನ ಕಟಕಟ ಸದ್ದು. ಕಿಟಕಿ ತೆರೆದಿದ್ದರೂ ಒಳಗೆ ಕತ್ತಲು. ತಮ್ಮ ಅಂಗಾತ ಬಿದ್ದಿದ್ದ, ಕಾಲುಗಳು ಗಾಳಿಯಲ್ಲಿ ತುಳಿಯುತ್ತಿದ್ದವು.

"ಕಾಲು ನಿಲ್ತಾನೇ ಇಲ್ಲ ಅಕ್ಕಾ."

ತಮಾಷೆಯೆಂದು ಗದರಿದಳು. ಹಿಡಿಯಹೋದರೆ ಆ ಕಾಲುಗಳು ಅವಳನ್ನೇ ಗೋಡೆಗೆ ಎಸೆದವು. ಡಾಕ್ಟರ ಇಂಜೆಕ್ಷನ್ನಿಗೂ ಜಗ್ಗಲಿಲ್ಲ. ಸಂಜೆಯ ಹೊತ್ತಿಗೆ ತಮ್ಮನ ತುಟಿ ನೀಲಿಯಾಗಿತ್ತು, ಉಸಿರು ಕಟ್ಟುತ್ತಿತ್ತು. ಪೋಸ್ಟರಿನ ಹೆಣ್ಣು ಪೆಡಲಿನಿಂದ ಕಾಲು ತೆಗೆದು ಹಾಯಾಗಿ ಕೂತಿದ್ದಳು.

ಕೆಟ್ಟ ಮೇಲೆ ಬುದ್ಧಿ ಬಂತು. ಕಸದ ಬುಟ್ಟಿ ಸುರುವಿ, ಅಂಚಿನ ಪಟ್ಟಿಗಳನ್ನು ಆಯ್ದು ಅಂಟಿಸಿದಳು. ಉದುರಿದವು. ಪೋಸ್ಟರಿಗೆ ಬೆಂಕಿ ಹಚ್ಚಿದಳು. ತಮ್ಮನ ಪಾದ ಬೊಬ್ಬೆಯೆದ್ದಿತು. ಅಯ್ಯೋ ಎಂದು ಅಂಗೈಯಿಂದಲೇ ಬೆಂಕಿ ಬಡಿದು ಆರಿಸಿದಳು. ಅಳುತ್ತ ಮುದುಕಿಗೆ ಫೋನು ಮಾಡಿ ಸ್ಪೀಕರಿಗೆ ಹಾಕಿದಳು.

"ಬೇರೆ ಯಾರಾದ್ರೂ ‘ನನ್ನ ಕಾಲು ತಗೋ’ ಅಂತ ಅವಳಿಗೆ ಬಾಯಿಬಿಟ್ಟು ಹೇಳಬೇಕು," ಎಂದಳು ಮುದುಕಿ. "ಹೇಳಿದವರ ಗತಿ ಮಾತ್ರ ಕೇಳಬೇಡ."

ಅಕ್ಕ ಯೋಚಿಸಲಿಲ್ಲ. ಚಿತ್ರದೆದುರು ನಿಂತು ಹೇಳಿಯೇಬಿಟ್ಟಳು.

ಚಿತ್ರದೊಳಗಿನ ಸೈಕಲ್ ಬೆಲ್ಲು ಟ್ರಿಣ್ಣೆಂದಿತು. ತಮ್ಮನ ಕಾಲುಗಳು ದೊಪ್ಪನೆ ಬಿದ್ದವು. ಅವನು ಉಸಿರೆಳೆದುಕೊಂಡ. ಅಕ್ಕ ಕುಸಿದಳು. ಅವಳ ಕಾಲುಗಳು ತಾವಾಗಿ ಎದ್ದವು. ತುಳಿದವು.

ತಮ್ಮ ತೆವಳಿ ಬಂದ. ಮುದುಕಿಯ ಮಾತು ಅವನೂ ಕೇಳಿಸಿಕೊಂಡಿದ್ದ. ಚಿತ್ರದ ಕಡೆ ತಿರುಗಿದ.

"ನನ್ನ ಕಾಲು..."

ಅಕ್ಕ ಗಬಕ್ಕನೆ ಅವನ ಬಾಯಿ ಮುಚ್ಚಿದಳು. "ಬೇಡ ಕಣೋ. ನನ್ನಾಣೆ."

ಅವನು ಅಳುತ್ತ ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸತೊಡಗಿದ. ಕಾಲು ತುಳಿದಷ್ಟೂ ಅವಳ ಕೈ ಸೋಲುತ್ತಿತ್ತು.