ಅರ್ಧ ಡ್ರಮ್ ಸಿಹಿನೀರು

ಗುರುವಾರ ಮಧ್ಯಾಹ್ನ ಒಂದೂವರೆಗೆ ಸುಧೀರನ ಫೋನು ಬಡಿದುಕೊಂಡಿತು. ಕುಂದಾಪುರದ ಕೋರ್ಟಿನೆದುರು ನನ್ನ ಟೈಪಿಂಗ್ ಅಂಗಡಿ. ಅದರ ಬೆಂಚಿನ ಮೇಲೆ ಅವನು ಹನ್ನೊಂದರಿಂದ ಕೂತಿದ್ದ. ಅಲ್ಲಿಯವರೆಗೆ ಬಂದ ಫೋನೆಲ್ಲ ಸಾಲ ವಸೂಲಿಯವರದು. ಈ ಸಲ ಅವರಲ್ಲ. ಮರವಂತೆಯಿಂದ ಅವನ ಹೆಂಡತಿ ರತ್ನ.

"ದೋಣಿ ಎಂಜಿನ್ ಕಾಂತಿಲ್ಲ." ಅವಳ ದನಿ ನನಗೂ ಕೇಳಿಸಿತು. "ಶೆಡ್ಡಿನ್ ಬೀಗ ಒಡ್ದ್ ಬಿದ್ದಿತ್ತ್."

ಸುಧೀರ ಫೋನು ಕಿವಿಗೆ ಹಿಡಿದೇ ನನ್ನ ಕಡೆ ತಿರುಗಿ, "ನಾನೇ ಮಾರಿ ನಾಟ್ಕ ಮಾಡ್ತಿದ್ದೆ ಅಂತ್ರ್, ಕುಸುಮಕ್ಕ," ಎಂದ.

ಹಾಗೆ ಅನ್ನುವವರು ಇದ್ದರು. ಸಾಲ ಮಾಡಿ ತೆಗೆದ ಬೋಟು ಎರಡೇ ವರ್ಷದಲ್ಲಿ ಅವನನ್ನು ಮುಳುಗಿಸಿತ್ತು. ಬೋಟು ಹೋಯಿತು, ರತ್ನಳ ಬಂಗಾರ ಹೋಯಿತು, ಸಾಲ ಮಾತ್ರ ಉಳಿಯಿತು. ಅವನ ದಿವಾಳಿ ಅರ್ಜಿ ಟೈಪು ಮಾಡಿದವಳು ನಾನೇ. ಜನವರಿಯಲ್ಲಿ ಕೋರ್ಟು ಅವನನ್ನು ಪಾಪರ್ ಎಂದು ಘೋಷಿಸಿ, ವಸೂಲಿ ನಿಲ್ಲಿಸಬೇಕೆಂದಿತು. ಹೊಟ್ಟೆಪಾಡಿಗೆಂದು ಒಂದು ಸಣ್ಣ ದೋಣಿಯನ್ನೂ ಒಂದು ಎಂಜಿನ್ನನ್ನೂ ಅವನಿಗೇ ಬಿಟ್ಟಿತು. ಸೋಮವಾರ ಕೋರ್ಟಿನ ರಿಸೀವರ್ ಬಂದು, ಪಟ್ಟಿಯಲ್ಲಿದ್ದದ್ದು ಮನೆಯಲ್ಲಿ ಇದೆಯೇ ಎಂದು ನೋಡುವವರಿದ್ದರು. ಎಂಜಿನ್ ಇಲ್ಲದಿದ್ದರೆ? ಆಸ್ತಿ ಅಡಗಿಸಿದ ಎಂದಾಗುತ್ತದೆ. ಆದೇಶ ಬಿದ್ದುಹೋಗಬಹುದು. ಜೈಲೂ ಆಗಬಹುದು.

ನನ್ನ ಅಂಗಡಿಯ ಮೂಲೆಯಲ್ಲಿ ಪೇಪರು ಓದುತ್ತಿದ್ದ ಚಂದಯ್ಯನವರು ಕನ್ನಡಕ ತೆಗೆದರು. ಮೂವತ್ತು ವರ್ಷ ಕೋರ್ಟಿನ ಅಮೀನರಾಗಿ ಊರೂರು ಸುತ್ತಿ ಜನರ ಸಾಮಾನು ಜಪ್ತಿ ಮಾಡಿದವರು. ನಿವೃತ್ತರಾದ ಮೇಲೆ ನನ್ನ ಪೇಪರು ಪುಕ್ಕಟೆ ಓದುತ್ತಾರೆ, ನನ್ನ ಚಹಾ ಪುಕ್ಕಟೆ ಕುಡಿಯುತ್ತಾರೆ. ಆದರೆ ಯಾರ ಮನೆಯಲ್ಲಿ ಯಾವ ವಸ್ತು ಎಲ್ಲಿ ಹೋಗಿರಬಹುದು ಎಂದು ಕೇಳಿದರೆ ಅವರಷ್ಟು ಬಲ್ಲವರು ಈ ತಾಲೂಕಿನಲ್ಲಿ ಇಲ್ಲ.

"ಸೋಮ್ವಾರಕ್ಕೆ ಇನ್ನ್ ಮೂರ್ ದಿನ ಇತ್ತಲೆ," ಎಂದರು. "ನಾಳೆ ಬೆಳಿಗ್ಗೆ ಬತ್ತೆ. ಯಾರೂ ಎಂತದೂ ಮುಟ್ಬೇಡಿ."

ಶುಕ್ರವಾರ ಎಂಟೂವರೆಗೆ ಚಂದಯ್ಯನವರೂ ನಾನೂ ಮರವಂತೆಯಲ್ಲಿ ಬಸ್ಸಿಳಿದೆವು. ಹೆದ್ದಾರಿಯಿಂದ ಒಂದು ಓಣಿ. ಓಣಿಯಲ್ಲಿ ಸಾಲಾಗಿ ಐದಾರು ಮನೆ. ಎರಡನೆಯದು ಸುಧೀರನದು, ಕೊನೆಯದು ಬಚ್ಚನದು. ಬಚ್ಚ ಸುಧೀರನ ಜೊತೆ ಅದೇ ದೋಣಿಯಲ್ಲಿ ಹೋಗುವವ, ವಯಸ್ಸಿನಲ್ಲಿ ಹತ್ತು ವರ್ಷ ಹಿರಿಯ. ನಾವು ಹೋಗುವಾಗ ಅವನು ಸುಧೀರನ ಜಗಲಿಯಲ್ಲಿ ಬಲೆ ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದ. ನಮಗೆಂದು ಎರಡು ಎಳನೀರಿನ ಬೊಂಡ ಕೆತ್ತಿಟ್ಟಿದ್ದ.

ಶೆಡ್ಡು ಮನೆಯ ಹಿಂದೆ. ಬೀಗ ಒಡೆದಿತ್ತು, ಪಕ್ಕದಲ್ಲೇ ಒಂದು ಕಲ್ಲು. ಒಳಗೆ ಎಂಜಿನ್ ತೂಗುಹಾಕುವ ಮರದ ಅಡ್ಡ ಖಾಲಿ. ಬಾಗಿಲ ಬಳಿ ನೀಲಿ ಡ್ರಮ್ಮು, ಮುಚ್ಚಳದ ಮೇಲೆ ಒಂದು ಇಟ್ಟಿಗೆ.

ಚಂದಯ್ಯನವರು ಮೊದಲು ಸುಧೀರನನ್ನು ಹಿಡಿದರು.

"ನಿನ್ನೆ ಕಡ್ಲಿಂದ ಎಷ್ಟೊತ್ತಿಗೆ ಬಂದ್ರಿ?"

"ಒಂಬತ್ತಕ್ಕೆ. ನಾನ್, ಬಚ್ಚಣ್ಣ. ದಡ ಮೆಟ್ಟಿದ್ದೇ ವಸೂಲಿಯವ್ನ ಫೋನ್ ಬಂತ್. ನಿನ್ ಕೋರ್ಟ್ ಆರ್ಡರ್ ನಡಿತಿಲ್ಲ, ಪೊಲೀಸ್ರ್ ಬತ್ರ್ ಅಂದ. ಎಂಜಿನ್ ಇಲ್ಲಿಟ್ಟ್ ಬೀಗ ಹಾಕ್ದೆ. ಕೈ ಸಹ ತೊಳಿಲಿಲ್ಲ. ಕುಸುಮಕ್ಕನ ಹತ್ರ ಕೇಳುವ ಅಂದ್ ಓಡ್ದೆ."

ಅದು ನಿಜ. ಅವನ ಮೊಣಕೈಯಲ್ಲಿ ಮೀನಿನ ಹುರುಪೆ ಅಂಟಿದ್ದನ್ನು ನಾನೇ ನೋಡಿದ್ದೆ.

"ರತ್ನ, ನೀನ್?"

"ನಾನ್ ಮೀನ್ ತಕಂಡ್ ನಾವುಂದ ಪೇಟಿಗೆ ಮಾರುಕ್ ಹೋದೆ. ಬಪ್ಪತಿಗೆ ಒಂದೂಕಾಲ್. ಅವ್ರೇ ಕದ್ದದ್ದ್, ಅಮೀನ್ರೆ. ಹನ್ನೊಂದ್ ಗಂಟಿಗೆ ಎರಡ್ ಬೈಕ್ ಓಣ್ಯಗೆ ಬಂದದ್ದ್ ಎಲ್ಲರೂ ಕಂಡಿದ್ರ್."

"ನಿನ್ ಅಂಗಳಕ್ಕೆ ಬಂದದ್ದ್ ಯಾರ್ ಕಂಡ್ರ್?"

"ಓಣ್ಯಗೆ ಬಂದ್ರ್ ಅಂದ್ರೆ ನಮ್ಮನಿಗೇ ಅಲ್ದಾ? ಮತ್ಯಾರ್ ಮನಿಗ್ ಬತ್ರ್ ಅವ್ರ್?" ರತ್ನಳ ಕಣ್ಣು ತುಂಬಿತು. "ಕದ್ಕಂಡ್ ಹೋಪುದ್ ಸಾಕಾಗ್ಲಿಲ್ಲ ಅವ್ರಿಗೆ. ಡ್ರಮ್ಮಿನ್ ನೀರ್ ಸಹ ಅರ್ಧ ಖಾಲಿ ಮಾಡಿದ್ರ್. ಬಾವಿ ನೀರ್ ಉಪ್ಪಾಯಿ ಎರಡ್ ವರ್ಷ ಆಯ್ತ್. ಪಂಚಾಯ್ತಿ ನಲ್ಲಿ ಎರಡ್ ದಿನಕ್ಕೊಂದ್ ಸಲ. ನಿನ್ನೆ ಬೆಳಿಗ್ಗೆ ತುಂಬ್ಸಿಟ್ಟ್ ಹೋದದ್ದ್. ಅವ್ರ್ ಕೈಗೆ ಹುಳ ಬೀಳ್ಲಿ."

ಚಂದಯ್ಯನವರು ಇಟ್ಟಿಗೆ ಎತ್ತಿ, ಮುಚ್ಚಳ ತೆಗೆದು, ನೀರು ನೋಡಿ, ಮತ್ತೆ ಹಾಗೆಯೇ ಮುಚ್ಚಿದರು.

"ನಿನ್ನೆ ಬಂದ್ ಮೇಲ್ ಈ ಇಟ್ಟಿಗೆ ನೀ ಇಟ್ಟದ್ದಾ?"

"ಇಲ್ಲ. ನಾ ಬಪ್ಪತಿಗೆ ಹಾಂಗೇ ಇದ್ದಿತ್ತ್. ಯಾವತ್ತೂ ಹಾಂಗೇ ಇಡುದ್ ನಾವ್, ಕಾಗಿ ಬಾಯಿ ಹಾಕುಕಾಗ ಅಂದ್."

"ಬಚ್ಚ, ನೀ ಬೈಕ್ ಕಂಡ್ಯಾ?"

ಬಚ್ಚ ಬಲೆಯಿಂದ ತಲೆಯೆತ್ತಲಿಲ್ಲ. "ಕಂಡಿದ್ದೆ."

"ಪೊಲೀಸ್ ಕಂಪ್ಲೇಂಟ್ ಕೊಡುವನಾ?"

"ಅದ್ ಸುಧೀರಂಗೆ ಬಿಟ್ಟದ್ದ್," ಎಂದವನೇ ಸೂಜಿಗೆ ನೂಲು ಪೋಣಿಸತೊಡಗಿದ. ಮೂರು ಸಲ ತಪ್ಪಿತು.

ನಾವಿಬ್ಬರೂ ಹೆದ್ದಾರಿಯ ತನಕ ನಡೆದೆವು. ವಸೂಲಿಯ ಹುಡುಗರ ಮುಖ್ಯಸ್ಥ ಮಿಥುನ್ ಎಂಬವನ ನಂಬರು ಚಂದಯ್ಯನವರ ಬಳಿ ಇತ್ತು. ನನಗೂ ಕೇಳಲೆಂದು ಸ್ಪೀಕರು ಹಾಕಿದರು.

"ಸುಧೀರನ ಎಂಜಿನ್ ನೀವು ತಕೊಂಡ್ರಾ?"

"ನಾವಾ? ಸರ್, ಜನವರಿಯಿಂದ ಈಚೆ ಅವರ ಮನೆಗೆ ನಾವು ಕಾಲಿಟ್ಟಿಲ್ಲ. ಕೋರ್ಟ್ ಆರ್ಡರ್ ಇದೆ ಅಲ್ವಾ? ಫೋನ್ ಮಾಡೋದು ಬೇರೆಯವರು, ಅವರಿಗೆ ಪಟ್ಟಿಯಲ್ಲಿರೋ ನಂಬರ್ ಒತ್ತೋದಷ್ಟೇ ಗೊತ್ತು. ನಾವು ಏನಾದ್ರೂ ತಕೊಂಡ್ರೆ ಮೊದಲು ಫೋಟೋ ಹೊಡೆದು ಆಫೀಸಿಗೆ ಹಾಕ್ತೀವಿ."

"ನಿನ್ನೆ ಮರವಂತೆಗೆ ಬಂದದ್ದ್ ಎಂತಕೆ?"

"ಅದು ಬೇರೆ ಫೈಲು, ಸರ್." ಫೋನಿಟ್ಟ.

ಸುಳ್ಳನ ಮಾತು ಎಂದೆ ನಾನು. ಚಂದಯ್ಯನವರು ಕೈ ಚಾಚಿದರು. "ಸುಧೀರನ ಅರ್ಜಿ ಕಾಪಿ ತಂದಿದ್ರ್ಯಾ?" ಕೊಟ್ಟೆ. ನಾಲ್ಕನೇ ಪುಟ ಓದಿ, ಮಡಚಿ, ಮಾತಾಡದೆ ವಾಪಸು ಕೊಟ್ಟರು. ಈ ಮನುಷ್ಯನ ಈ ಚಾಳಿ ನನಗೆ ಆಗುವುದಿಲ್ಲ. ಆದರೆ ಅವರ ಮುಖ ನೋಡಿದರೆ ಬೈಯುವ ಹಾಗೂ ಇರಲಿಲ್ಲ. ಗೆದ್ದವರ ಮುಖ ಅಲ್ಲ ಅದು.

ಮತ್ತೆ ಜಗಲಿಗೆ ಬಂದೆವು. ಸುಧೀರ, ರತ್ನ, ಬಚ್ಚ, ಮೂವರೂ ಅಲ್ಲೇ ಇದ್ದರು.

"ವಸೂಲಿಯವ್ರ್ ಕದ್ದದ್ದಲ್ಲ," ಎಂದರು ಚಂದಯ್ಯನವರು. "ಸುಧೀರ, ಕಡ್ಲಿಂದ ಬಂದ ಕೂಡ್ಲೆ ಎಂಜಿನ್ನಿಗೆ ಎಂತ ಮಾಡ್ತೆ ನೀನ್?"

"ಸಿಹಿನೀರ್ ಹೊಯ್ದ್ ತೊಳಿತೆ. ಉಪ್ಪ್ ಹಿಡಿದ್ರೆ..." ಅವನು ಅರ್ಧದಲ್ಲೇ ನಿಂತ.

"ನಿನ್ನೆ ತೊಳ್ದ್ಯಾ?"

"ಇಲ್ಲ."

"ಮತ್ತೆ ಯಾರೋ ತೊಳ್ದಿದ್ರ್. ಅರ್ಧ ಡ್ರಮ್ ಹೊಯ್ದ್, ಮುಚ್ಚಿ, ಇಟ್ಟಿಗೆ ಇಟ್ಟ್ ಹೋಯಿದ್ರ್. ಬೈಕಲ್ಲಿ ಬಂದ ಗಂಡ್ ಮಕ್ಳ್ ಕದುಕ್ ಬಂದಲ್ಲಿ ಎಂಜಿನ್ ತೊಳಿತ್ರಾ? ಕಾಗಿ ಬಾಯಿ ಹಾಕಿರೆ ಅವ್ರಿಗೆಂತ? ಇದ್ ಕಡ್ಲಿಗ್ ಹೋಪವ್ನ ಕೈ. ಈ ಮನಿ ನೀರಿನ್ ಕಷ್ಟ ಗೊತ್ತಿಪ್ಪವ್ನ ಕೈ. ಎಂಜಿನ್ ತೊಳಿಲಿಲ್ಲ ಅಂದ್ ಗೊತ್ತಿದ್ದದ್ದ್ ಯಾರಿಗೆ? ದೋಣ್ಯಗ್ ಇದ್ದವ್ರ್ ಇಬ್ರೇ. ಒಬ್ಬ ಕುಂದಾಪ್ರದಗ್ ಇದ್ದ."

ರತ್ನ ಬಚ್ಚನ ಕಡೆ ನೋಡದೆ ನೆಲ ನೋಡುತ್ತಿದ್ದಳು.

"ಹಾಡ್ಹಗಲ್ ಎಂಜಿನ್ ಹೆಗ್ಲ್ ಮೇಲ್ ಹೊತ್ಕಂಡ್ ಹೋದ್ರೂ ಯಾರೂ ಕಾಣ್ಲಿಲ್ಲ ಅಂತ್ರ್," ಚಂದಯ್ಯನವರು ದನಿ ತಗ್ಗಿಸಿದರು. "ಕಂಡಿದ್ರ್. ಆದ್ರೆ, ಬಚ್ಚ ಆ ಎಂಜಿನ್ ಹೊರುದನ್ನ ಈ ಓಣಿಯವ್ರ್ ದಿನಾ ಕಾಂತ್ರ್. ಅದ್ ಯಾರ್ ನೆನಪಿಟ್ಕಂತ್ರ್? ಮತ್ತೆ ಆ ಬೈಕ್. ಅದ್ ನಿಮ್ಮನಿಗ್ ಬಂದದ್ದಲ್ಲ, ರತ್ನ. ಓಣಿ ಕೊನಿಗ್ ಹೋದದ್ದ್. ನಿಮ್ ಸಾಲಕ್ಕೆ ಜಾಮೀನ್ ಹಾಕಿದವ್ನ ಮನಿಗೆ."

ನನ್ನ ಕೈಯಲ್ಲಿದ್ದ ಅರ್ಜಿ ಭಾರವಾಯಿತು. ನಾಲ್ಕನೇ ಪುಟ. ಜಾಮೀನುದಾರ: ಬಚ್ಚ, ಮರವಂತೆ. ನಾನೇ ಹೊಡೆದ ಅಕ್ಷರ. ಸಾಲಗಾರನಿಗೆ ಕೋರ್ಟು ರಕ್ಷಣೆ ಕೊಟ್ಟರೆ ಜಾಮೀನುದಾರನಿಗೆ ಅದು ಸಿಕ್ಕುವುದಿಲ್ಲ ಎಂಬುದು ಇಪ್ಪತ್ತು ವರ್ಷದಿಂದ ನನಗೆ ಗೊತ್ತು. ಗೊತ್ತಿದ್ದೂ ಆ ದಿನ ಸುಧೀರನ ಬೆನ್ನು ತಟ್ಟಿ, ಇನ್ನು ಯಾರಿಗೂ ಹೆದರಬೇಡ ಎಂದು ಕಳಿಸಿದ್ದೆ. ನನಗೆ ನನ್ನ ಮೇಲೆಯೇ ಹೇಸಿಗೆಯಾಯಿತು.

"ಬಚ್ಚಣ್ಣ?" ಎಂದ ಸುಧೀರ.

ಬಚ್ಚ ಬಲೆಯನ್ನು ಪಕ್ಕಕ್ಕಿಟ್ಟ.

"ಶನಿವಾರ ಮತ್ತೆ ಬತ್ತ್, ಎಂತಾದ್ರೂ ಕೊಡ್, ಇಲ್ದಿರೆ ನಿನ್ ಹೆಣ್ತಿ ತವರಿಗೆ ಹೋಯಿ ಅಂಗಳದಗ್ ನಾವ್ ಕೂಕಂತ್ ಅಂದ್ರ್. ನಂಗ್ ತಲಿ ಓಡ್ಲಿಲ್ಲ. ಕಲ್ಲಲ್ಲ್ ಬೀಗ ಒಡ್ದೆ. ತಕಂಡೆ. ಮನ್ಯಗೆ ಕಂಬ್ಳಿ ಅಡಿಗ್ ಇತ್ತ್. ಕೊಡುಕ್ ಮನ್ಸ್ ಬರ್ಲಿಲ್ಲ."

"ತೊಳ್ದದ್ದ್ ಎಂತಕೆ?" ನಾನು ಕೇಳದೆ ಇರಲಾಗಲಿಲ್ಲ.

"ತೊಳಿದೆ ಇಟ್ರೆ ಹಾಳಾತ್ತಲೆ, ಕುಸುಮಕ್ಕ."

"ನಂಗೊಂದ್ ಮಾತ್ ಹೇಳುಕಾಗ್ದಾ?" ಎಂದ ಸುಧೀರ. "ದಿನಾ ಒಟ್ಟಿಗ್ ಕಡ್ಲಿಗ್ ಹೋತ್ತ್ ನಾವ್."

"ಹ್ಯಾಂಗ್ ಹೇಳುದ್? ಫೆಬ್ರವರ್ಯಗ್ ಒಂದಿನ ದೋಣ್ಯಗ್ ನೀ ಎಂತ ಹೇಳ್ದೆ? ಬಚ್ಚಣ್ಣ, ಎರಡ್ ವರ್ಷದ್ ಮೇಲ್ ನಿನ್ನೆ ರಾತ್ರಿ ಸಮಾ ನಿದ್ರಿ ಬಂತ್ ಅಂದೆ. ನಂಗೆ ಮೊದ್ಲನೇ ಫೋನ್ ಬಂದದ್ದ್ ಅದೇ ದಿನ."

ಸುಧೀರ ಎದ್ದು ಹೋಗಿ ಬಚ್ಚನ ಪಕ್ಕದಲ್ಲಿ ಕೂತ. ಬೈಯಲಿಲ್ಲ, ಮುಟ್ಟಲಿಲ್ಲ. ರತ್ನ ಸೆರಗಿನಿಂದ ಮುಖ ಒರೆಸಿಕೊಂಡು, ನಿನ್ನೆಯಿಂದ ಹಾಕಿದ ಶಾಪವನ್ನೆಲ್ಲ ಎಲ್ಲಿ ಇಡುವುದೆಂದು ತಿಳಿಯದವಳಂತೆ ನಿಂತಿದ್ದಳು. ಕೊನೆಗೆ, "ನಾಳೆ ಅವ್ರ್ ಬಪ್ಪತಿಗೆ ನಾವೂ ನಿಮ್ಮನ್ಯಗೇ ಇರ್ತ್," ಎಂದಳು.

ಎಂಜಿನ್ ಹತ್ತು ನಿಮಿಷದಲ್ಲಿ ಶೆಡ್ಡಿಗೆ ಬಂತು. ಸೋಮವಾರದ ಚಿಂತೆ ಮುಗಿಯಿತು. ಬಚ್ಚನ ಚಿಂತೆ ಮುಗಿದಿರಲಿಲ್ಲ. ನಾನು ಚೀಲದಿಂದ ನೋಟ್‌ಬುಕ್ ತೆಗೆದು ಅವನೆದುರು ಕೂತೆ.

"ನನ್ನನ್ನೂ ಪಾಪರ್ ಅಂದ್ ಬರಿತ್ರ್ಯಾ?" ಎಂದು ಕೇಳಿದ. ನಾಚಿಕೆಯಿಂದ ಅವನ ಕುತ್ತಿಗೆ ಬಗ್ಗಿತ್ತು.

"ಅದ್ ಆಮೇಲೆ. ಮೊದ್ಲ್ ಒಂದ್ ಹೇಳ್. ನಿನ್ ಹೆಸ್ರಗೆ ಬೇರೆ ಸಾಲ ಇತ್ತಾ? ಇದ್ರೆ, ನಿಂಗೆ ಜಾಮೀನ್ ಹಾಕಿದ್ ಯಾರ್?"

ಬಚ್ಚ ಬೆರಳು ಮಡಚಿ ಲೆಕ್ಕ ಹಾಕಿದ. ಯಾರನ್ನೂ ಮರೆತಿಲ್ಲ ತಾನೇ ಎಂದು ಖಚಿತ ಮಾಡಿಕೊಳ್ಳುತ್ತಿದ್ದ.

"ಯಾರೂ ಇಲ್ಲ, ಅಕ್ಕ," ಎಂದ. "ನನ್ ಹಿಂದೆ ಯಾರೂ ಇಲ್ಲ."

ನಾನು ಬರೆದುಕೊಂಡೆ.